ಒಳಗೆಳೆಯುವ ಸೋರಿಕೆ: ಕಡಿಮೆ ಒತ್ತಡದ ಚಿಲ್ಲರ್‌ನಲ್ಲಿ ಲೀಕ್ ಹುಡುಕುವ ಸಮಗ್ರ ಮಾರ್ಗದರ್ಶಿ

ಕೋಲಾರ ಜಿಲ್ಲೆಯ ನರಸಾಪುರದ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ 500 ಟನ್ ತಂಪಿನ ಸಾಮರ್ಥ್ಯದ ಚಿಲ್ಲರ್‌ಗೆ (ನೀರು ತಣಿಸುವ ದೊಡ್ಡ ಯಂತ್ರಕ್ಕೆ) ಸತತ ಎರಡು ಬೇಸಿಗೆ ಗ್ಯಾಸ್, ಅಂದರೆ ಶೀತಕ, ತುಂಬಿಸಿದ್ದರು. ನನ್ನನ್ನು ಕರೆದದ್ದು ಮೂರನೆಯ ಬೇಸಿಗೆಯಲ್ಲಿ. ಯಂತ್ರದ ಮೈಮೇಲೆ ಸೋಪಿನ ನೊರೆ ಒಣಗಿದ ಬಿಳಿ ಕಲೆಗಳು ಅಲ್ಲಲ್ಲಿ ಉಳಿದಿದ್ದವು. ಹುಡುಕಿದವರು ಶ್ರದ್ಧೆಯಿಂದಲೇ ಹುಡುಕಿದ್ದರು. ಆದರೆ ಯಂತ್ರ ಓಡುತ್ತಿರುವಾಗ ಎವಾಪರೇಟರ್‌ನ (ಗ್ಯಾಸ್ ಆವಿಯಾಗಿ ನೀರನ್ನು ತಣಿಸುವ ಭಾಗದ) ಜೋಡಣೆಗಳಿಗೆ ನೊರೆ ಹಚ್ಚಿ ಗುಳ್ಳೆ ಏಳಲಿ ಎಂದು ಕಾದಿದ್ದರು. ಅಲ್ಲಿ ಗುಳ್ಳೆ ಏಳುವುದು ಸಾಧ್ಯವೇ ಇರಲಿಲ್ಲ. ಆ ಭಾಗದ ಒಳ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ. ಸಂದಿ ಇದ್ದಿದ್ದರೆ ಯಂತ್ರ ಆ ನೊರೆಯನ್ನೇ ಒಳಗೆ ಎಳೆದುಕೊಂಡಿರುತ್ತಿತ್ತು.

ಕೆರೆಯ ಏರಿ ಸೋರಿದರೆ ಏರಿಯ ಬುಡ ಒದ್ದೆಯಾಗುತ್ತದೆ. ಕೋಲಾರದಂಥ ಕೆರೆಗಳ ಜಿಲ್ಲೆಯಲ್ಲಿ ಬೆಳೆದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮನೆಯ ಏಸಿ, ಅಂಗಡಿಯ ಫ್ರಿಜ್, ಹೆಚ್ಚಿನ ಒತ್ತಡದ ಚಿಲ್ಲರ್ ಎಲ್ಲವೂ ಈ ಕೆರೆಯ ಜಾತಿಯವು; ತೂತಿದ್ದ ಕಡೆ ಗ್ಯಾಸ್ ಹೊರಗೆ ಬರುತ್ತದೆ. ಕಡಿಮೆ ಒತ್ತಡದ ಚಿಲ್ಲರ್ ಬಾವಿಯ ಜಾತಿಯದು. ಸುತ್ತಲಿನ ನೀರು ಒಸರಿ ಬಾವಿಗೆ ಇಳಿಯುವಂತೆ ಸುತ್ತಲಿನ ಗಾಳಿ ಇದರೊಳಗೆ ಇಳಿಯುತ್ತದೆ. ಈ ಒಂದು ವ್ಯತ್ಯಾಸ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತರೆ ಮುಂದಿನ ಕೆಲಸದ ಅರ್ಧ ಭಾಗ ತಾನಾಗಿ ತಿಳಿಯುತ್ತದೆ.

ಗಾಳಿ ಒಳಗೆ ಬಂದರೆ ಗ್ಯಾಸ್ ಏಕೆ ಖಾಲಿಯಾಗುತ್ತದೆ

ಆರ್-123 ಅಥವಾ ಆರ್-1233ಜೆಡ್‌ಡಿ ಎಂಬ ಶೀತಕ ಬಳಸುವ ಸೆಂಟ್ರಿಫ್ಯೂಗಲ್ ಚಿಲ್ಲರ್‌ಗಳು ಈ ಗುಂಪಿಗೆ ಸೇರುತ್ತವೆ. ಹಳೆಯ ಕಾಲದಲ್ಲಿ ಆರ್-11 ಇತ್ತು. ಸಮುದ್ರಮಟ್ಟದಲ್ಲಿ ಆರ್-123 ಕುದಿಯುವುದು ಸುಮಾರು 28 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಆರ್-1233ಜೆಡ್‌ಡಿ ಸುಮಾರು 18 ಡಿಗ್ರಿಯಲ್ಲಿ. ಚಿಲ್ಲರ್‌ನ ಎವಾಪರೇಟರ್ ಕೆಲಸ ಮಾಡುವುದು 4–5 ಡಿಗ್ರಿಯಲ್ಲಿ. ಅಷ್ಟು ತಂಪಿನಲ್ಲಿ ಆರ್-123ರ ನಿರಪೇಕ್ಷ ಒತ್ತಡ (ಪೂರ್ತಿ ನಿರ್ವಾತವನ್ನು ಸೊನ್ನೆ ಎಂದು ಎಣಿಸಿದ ಒತ್ತಡ) 40 ಕಿಲೋಪಾಸ್ಕಲ್ ಆಸುಪಾಸು, ಅಂದರೆ ಹೊರಗಿನ ಗಾಳಿಯ ಒತ್ತಡದ ಅರ್ಧಕ್ಕಿಂತಲೂ ಕಡಿಮೆ.

ಹೀಗೆ ನುಗ್ಗಿದ ಗಾಳಿ ಕಂಪ್ರೆಸರ್ ಮೂಲಕ ಹಾದು, ಆವಿ ಮತ್ತೆ ದ್ರವವಾಗುವ ಕಂಡೆನ್ಸರ್‌ಗೆ ಬಂದು ಅಲ್ಲೇ ನಿಲ್ಲುತ್ತದೆ. ಗ್ಯಾಸಿನಂತೆ ಅದು ದ್ರವವಾಗುವುದಿಲ್ಲ. ಅದನ್ನು ಹೊರಹಾಕಲೆಂದೇ ಪರ್ಜ್ ಯೂನಿಟ್ ಇರುತ್ತದೆ. ಪರ್ಜ್ ಗಾಳಿಯನ್ನು ಹೊರಗೆ ತಳ್ಳುವಾಗ ಪ್ರತಿ ಸಲವೂ ಅದರ ಜೊತೆ ಸ್ವಲ್ಪ ಗ್ಯಾಸ್ ಹೋಗುತ್ತದೆ. ಹೊಸ ಪರ್ಜ್‌ಗಳಲ್ಲಿ ಈ ನಷ್ಟ ತೀರಾ ಅಲ್ಪ, ಹಳೆಯವುಗಳಲ್ಲಿ ದೊಡ್ಡದು. ಹಾಗಾಗಿ ಗ್ಯಾಸ್ ಕಡಿಮೆಯಾದ ಚಿಲ್ಲರ್‌ನಲ್ಲಿ ಗ್ಯಾಸ್ ಸೋರುವ ತೂತು ಇಲ್ಲದೆಯೂ ಇರಬಹುದು. ಗಾಳಿ ಬರುವ ತೂತು ಎಲ್ಲೋ ಇರುತ್ತದೆ, ಗ್ಯಾಸ್ ಮಾತ್ರ ಪರ್ಜ್‌ನ ಹೊರಕೊಳವೆಯಿಂದ ನಿಧಾನವಾಗಿ ಹೋಗುತ್ತಿರುತ್ತದೆ. ತೂತು ಬಿಟ್ಟು ಗ್ಯಾಸ್ ತುಂಬುವುದೆಂದರೆ ಒಡಕು ಬಿಂದಿಗೆಗೆ ನೀರು ಹೊತ್ತು ತಂದ ಹಾಗೆ.

ಗಾಳಿಯ ಜೊತೆ ತೇವವೂ ಬರುತ್ತದೆ. ತೇವ ಮತ್ತು ಗ್ಯಾಸ್ ಸೇರಿ ಆಮ್ಲವಾಗಿ ಎಣ್ಣೆಯನ್ನು ಕೆಡಿಸುತ್ತವೆ, ಉಕ್ಕಿಗೆ ತುಕ್ಕು ಹಿಡಿಸುತ್ತವೆ, ಮೋಟರ್‌ನ ಸುರುಳಿಯನ್ನು ಹಾಳುಮಾಡುತ್ತವೆ. ಗ್ಯಾಸಿನ ಬೆಲೆಯ ಲೆಕ್ಕವನ್ನು ಎಲ್ಲರೂ ಹಾಕುತ್ತಾರೆ. ನನಗೆ ಹೆಚ್ಚು ಕಳವಳ ತರುವುದು ಈ ಒಳಗಿನ ಕೊಳೆಯುವಿಕೆ, ಏಕೆಂದರೆ ಅದು ಕಣ್ಣಿಗೆ ಬೀಳುವ ಹೊತ್ತಿಗೆ ಕಂಪ್ರೆಸರ್ ಬಿಚ್ಚುವ ಹಂತ ಬಂದಿರುತ್ತದೆ.

ಕೋಲಾರದ ಎತ್ತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ

ನಮ್ಮ ಊರಿನ ತಂತ್ರಜ್ಞರು ಹೆಚ್ಚಾಗಿ ತಪ್ಪುವುದು ಇಲ್ಲಿ. ಚಿಲ್ಲರ್ ಜೊತೆ ಬರುವ ಕೈಪಿಡಿಯಲ್ಲಿ, ಜೇಬಿನಲ್ಲಿಟ್ಟುಕೊಳ್ಳುವ ಒತ್ತಡ-ಉಷ್ಣತೆಯ ಪಟ್ಟಿಯಲ್ಲಿ ಗೇಜ್ ಒತ್ತಡ (ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಅಥವಾ ಕಡಿಮೆ ಎಂಬ ಅಂಕಿ) ಕೊಟ್ಟಿದ್ದರೆ ಅದು ಸಮುದ್ರಮಟ್ಟದ ಲೆಕ್ಕ. ಅಲ್ಲಿ ಗಾಳಿಯ ಒತ್ತಡ 101 ಕಿಲೋಪಾಸ್ಕಲ್. ಕೋಲಾರ ಇರುವುದು ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲೆ; ಇಲ್ಲಿ ಗಾಳಿಯ ಒತ್ತಡ ಸುಮಾರು 92 ಕಿಲೋಪಾಸ್ಕಲ್. ಹೆಚ್ಚಿನ ಒತ್ತಡದ ಯಂತ್ರದಲ್ಲಿ ಈ ಒಂಬತ್ತು ಕಿಲೋಪಾಸ್ಕಲ್ ಯಾರ ಗಮನಕ್ಕೂ ಬಾರದು. ನಮ್ಮ ಯಂತ್ರದಲ್ಲಿ ಅದು ತೀರ್ಪನ್ನೇ ಬದಲಿಸುತ್ತದೆ.

ಒಂದು ಉದಾಹರಣೆ. ಆರ್-123 ಇರುವ ಚಿಲ್ಲರ್ ನಿಂತಿದೆ, ಇಡೀ ಯಂತ್ರ 30 ಡಿಗ್ರಿಗೆ ಬಂದು ನಿಂತಿದೆ ಎನ್ನಿ. ಒಳಗೆ ಶುದ್ಧ ಗ್ಯಾಸ್ ಮಾತ್ರ ಇದ್ದರೆ ನಿರಪೇಕ್ಷ ಒತ್ತಡ ಸುಮಾರು 110 ಕಿಲೋಪಾಸ್ಕಲ್. ಸಮುದ್ರಮಟ್ಟದಲ್ಲಿ ಗೇಜ್ ತೋರಿಸಬೇಕಾದದ್ದು 1.2 ಪಿಎಸ್‌ಐ ಮಾತ್ರ (ಒಂದು ಪಿಎಸ್‌ಐ ಸುಮಾರು 7 ಕಿಲೋಪಾಸ್ಕಲ್). ಕೋಲಾರದಲ್ಲಿ ಅದೇ ಯಂತ್ರದ ಗೇಜ್ 2.6 ಪಿಎಸ್‌ಐ ತೋರಿಸುತ್ತದೆ. ಪಟ್ಟಿಯನ್ನು ಕಣ್ಣುಮುಚ್ಚಿ ನಂಬಿದವರು ‘ಒಳಗೆ ಗಾಳಿ ಸೇರಿದೆ’ ಎಂದು ನಿರ್ಧರಿಸಿ, ಇಲ್ಲದ ಲೀಕನ್ನು ದಿನವಿಡೀ ಹುಡುಕುತ್ತಾರೆ.

ನಿರ್ವಾತದ ಕಡೆಯೂ ಇದೇ ತೊಡಕು. 5 ಡಿಗ್ರಿಯ ಎವಾಪರೇಟರ್‌ನಲ್ಲಿ ಪಟ್ಟಿಯ ಪ್ರಕಾರ ಸುಮಾರು 18 ಇಂಚು ಪಾದರಸದ ನಿರ್ವಾತ ಇರಬೇಕು. ಇಲ್ಲಿ ಸಿಗುವುದು 15 ಇಂಚು, ಮತ್ತು ಅದೇ ಸರಿ. ವ್ಯಾಕ್ಯೂಮ್ ಪಂಪ್ ಹಚ್ಚಿ 29.9 ಇಂಚು ಬರಲಿ ಎಂದು ಇಲ್ಲಿ ಎಷ್ಟು ಹೊತ್ತು ಕಾದರೂ ಬಾರದು. ಪೂರ್ತಿ ನಿರ್ವಾತ ಮಾಡಿದರೂ ಕೋಲಾರದಲ್ಲಿ ಮುಳ್ಳು 27 ಇಂಚಿನ ಹತ್ತಿರವೇ ನಿಲ್ಲುತ್ತದೆ. ಆದ್ದರಿಂದ ಈ ಕೆಲಸಕ್ಕೆ ನಿರಪೇಕ್ಷ ಒತ್ತಡ ತೋರಿಸುವ ಡಿಜಿಟಲ್ ಗೇಜ್ ಒಂದನ್ನು ಕೊಂಡು ಇಟ್ಟುಕೊಳ್ಳಿ. ಅದಿಲ್ಲದಿದ್ದರೆ ಗೇಜಿನ ಅಂಕಿಗೆ 92 ಕಿಲೋಪಾಸ್ಕಲ್ ಕೂಡಿಸಿ, ನಿರಪೇಕ್ಷ ಒತ್ತಡದ ಪಟ್ಟಿಯೊಡನೆ ಹೋಲಿಸಿ.

ಎತ್ತರದಿಂದ ಇನ್ನೊಂದು ಪರಿಣಾಮವಿದೆ. 25 ಡಿಗ್ರಿಯಲ್ಲಿ ಆರ್-123ರ ಒತ್ತಡ ಸುಮಾರು 91 ಕಿಲೋಪಾಸ್ಕಲ್; ಕೋಲಾರದ ಗಾಳಿಯ ಒತ್ತಡವೂ ಹೆಚ್ಚುಕಡಿಮೆ ಅಷ್ಟೇ. ಅಂದರೆ 25 ಡಿಗ್ರಿಯ ಕೋಣೆಯಲ್ಲಿ ನಿಂತ ಯಂತ್ರ ಒಳಗೂ ಎಳೆಯುವುದಿಲ್ಲ, ಹೊರಗೂ ಬಿಡುವುದಿಲ್ಲ. ಆ ಸ್ಥಿತಿಯಲ್ಲಿ ಗ್ಯಾಸ್ ಪತ್ತೆಮಾಡುವ ಡಿಟೆಕ್ಟರ್ ಹಿಡಿದು ಸುತ್ತಿದರೆ ಎಂಥ ತೂತೂ ಸಿಕ್ಕುವುದಿಲ್ಲ. ‘ಎಲ್ಲ ಕಡೆ ನೋಡಿದೆವು, ಲೀಕ್ ಇಲ್ಲ’ ಎಂದು ಬರೆದುಕೊಟ್ಟ ಎಷ್ಟೋ ವರದಿಗಳ ಹಿಂದಿನ ಕಾರಣ ಇದು.

ಮೊದಲ ಹೆಜ್ಜೆ: ಲಾಗ್ ಬುಕ್

ಪಾನಾ ಹಿಡಿಯುವ ಮೊದಲು ಲಾಗ್ ಬುಕ್ ಹಿಡಿಯಿರಿ. ಪರ್ಜ್ ದಿನಕ್ಕೆ ಎಷ್ಟು ನಿಮಿಷ ಹೊರಹಾಕುವ ಕೆಲಸ ಮಾಡಿದೆ ಎಂಬ ಅಂಕಿ ಎಲ್ಲಕ್ಕಿಂತ ದೊಡ್ಡ ಸಾಕ್ಷಿ. ಹೊಸ ಪರ್ಜ್‌ಗಳ ಪರದೆಯಲ್ಲೇ ಅದು ಸಿಗುತ್ತದೆ. ಮಿತಿ ಎಷ್ಟೆಂಬುದನ್ನು ತಯಾರಕರು ಕೊಟ್ಟಿರುತ್ತಾರೆ. ಆದರೆ ಮಿತಿಯೊಳಗಿದೆ ಎಂದು ಸುಮ್ಮನಾಗುವುದಕ್ಕಿಂತ, ಕಳೆದ ವರ್ಷ ಇದೇ ತಿಂಗಳಲ್ಲಿ ಎಷ್ಟಿತ್ತು ಎಂದು ಹೋಲಿಸುವುದು ಮೇಲು. ಅಂಕಿ ಒಂದೇ ವಾರದಲ್ಲಿ ನೆಗೆದಿದ್ದರೆ ಆ ವಾರ ಯಾರು ಏನು ಬಿಚ್ಚಿದರು ಎಂದು ಕೇಳಿ. ಫಿಲ್ಟರ್ ಬದಲಿಸಿದ್ದು, ಸೆನ್ಸರ್ ಹಾಕಿದ್ದು, ಎಣ್ಣೆಯ ಮಾದರಿ ತೆಗೆದದ್ದು, ಏನೋ ಒಂದು ಇದ್ದೇ ಇರುತ್ತದೆ. ನಿಧಾನವಾಗಿ ಏರಿದ್ದರೆ ಗ್ಯಾಸ್ಕೆಟ್ ಅಥವಾ ಓ-ರಿಂಗ್ ಹಳತಾಗಿರುವ ಸಾಧ್ಯತೆ ಹೆಚ್ಚು.

ಏರಿಕೆ ಯಾವ ಋತುವಿನಲ್ಲಿ ಎಂಬುದೂ ದಾರಿ ತೋರಿಸುತ್ತದೆ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ, ಕಂಡೆನ್ಸರ್‌ನ ನೀರನ್ನು ತಣಿಸುವ ಕೂಲಿಂಗ್ ಟವರ್‌ನ ನೀರು ತೀರಾ ತಂಪಾಗಿ, ಆರ್-123 ಯಂತ್ರದ ಕಂಡೆನ್ಸರ್ 25 ಡಿಗ್ರಿಗಿಂತ ಕೆಳಗೆ ಇಳಿಯಬಹುದು. ಆಗ ಕಂಡೆನ್ಸರ್ ಕೂಡ ನಿರ್ವಾತಕ್ಕೆ ಹೋಗುತ್ತದೆ. ಚಳಿಗಾಲದಲ್ಲಿ ಮಾತ್ರ ಪರ್ಜ್ ಹೆಚ್ಚು ಓಡಿ, ಬೇಸಿಗೆಯಲ್ಲಿ ತಗ್ಗುವುದಾದರೆ ನಾನು ಮೊದಲು ಕಂಡೆನ್ಸರ್ ಕಡೆ ನೋಡುತ್ತೇನೆ. ವರ್ಷವಿಡೀ ಒಂದೇ ಸಮ ಇದ್ದರೆ ಎವಾಪರೇಟರ್ ಕಡೆ.

ಪರ್ಜ್‌ನಿಂದ ನೀರು ಬರುತ್ತಿದೆಯೇ ಎಂದೂ ನೋಡಿ. ಗಾಳಿಯ ತೇವದಿಂದ ಬರುವ ನೀರು ಹನಿಗಳ ಲೆಕ್ಕ. ಅದಕ್ಕಿಂತ ಹೆಚ್ಚು ಬಂದರೆ ಯಂತ್ರದೊಳಗೆ ನೀರು ಹರಿಯುವ ಟ್ಯೂಬ್ ತೂತಾಗಿ ಆ ನೀರೇ ಒಳಗೆ ಹೋಗುತ್ತಿದೆ ಎಂಬ ಅನುಮಾನ ಇಟ್ಟುಕೊಳ್ಳಿ. ಆರ್-123 ನೀರಿಗಿಂತ ಭಾರ, ಆದ್ದರಿಂದ ಒಳಗೆ ಹೋದ ನೀರು ಗ್ಯಾಸಿನ ದ್ರವದ ಮೇಲೆ ತೇಲುತ್ತದೆ. ಕೆಲವೊಮ್ಮೆ ಒಳಗೆ ಇಣುಕುವ ಗಾಜಿನ ಕಿಂಡಿಯಾದ ಸೈಟ್ ಗ್ಲಾಸ್‌ನಲ್ಲೇ ಕಾಣುತ್ತದೆ. ಅಂಥ ಸಂದರ್ಭದಲ್ಲಿ ಉಳಿದ ಜೋಡಣೆಗಳನ್ನು ಬಿಟ್ಟು ನೇರವಾಗಿ ಟ್ಯೂಬ್‌ಗಳಿಗೆ ಹೋಗಿ.

ಕೋಣೆಯೊಳಗೆ ಕಾಲಿಡುವ ಮೊದಲು

ಆರ್-123 ಉರಿಯುವುದಿಲ್ಲ, ಆದರೆ ವಿಷದ ವರ್ಗೀಕರಣದಲ್ಲಿ ಅದು ‘ಬಿ’ ಗುಂಪಿನಲ್ಲಿದೆ. ದಿನದ ಎಂಟು ಗಂಟೆ ಕೆಲಸ ಮಾಡುವವರಿಗೆ ತಯಾರಕರು ಹೇಳಿರುವ ಮಿತಿ ಹತ್ತು ಲಕ್ಷಕ್ಕೆ 50 ಭಾಗ. ಆರ್-1233ಜೆಡ್‌ಡಿ ‘ಎ’ ಗುಂಪಿನದು, ಅಷ್ಟು ಕಟ್ಟುನಿಟ್ಟಿಲ್ಲ. ಎರಡರ ಆವಿಯೂ ಗಾಳಿಗಿಂತ ಬಹಳ ಭಾರ. ನೆಲಮಾಳಿಗೆಯ ಪ್ಲಾಂಟ್ ರೂಮಿನಲ್ಲಿ, ಕೇಬಲ್ ಹಾಕುವ ಕಾಲುವೆಗಳಲ್ಲಿ ಅದು ನೀರಿನಂತೆ ತುಂಬಿಕೊಂಡು ಉಸಿರಾಡುವ ಗಾಳಿಯನ್ನು ಮೇಲಕ್ಕೆ ತಳ್ಳುತ್ತದೆ. ಕೋಣೆಯ ಗ್ಯಾಸ್ ಸೂಚಕ ಕೂಗುತ್ತಿದ್ದರೆ ಒಳಗೆ ಹೋಗಬೇಡಿ. ಎಕ್ಸಾಸ್ಟ್ ಫ್ಯಾನ್ ಹಾಕಿ, ನೆಲಮಟ್ಟದ ಗಾಳಿ ಹೊರಹೋಗಲು ಬಿಡಿ, ಆಮೇಲೆ ಇಬ್ಬರು ಜೊತೆಯಾಗಿ ಹೋಗಿ. ಕೆಳಗಿಳಿದು ಕೆಲಸ ಮಾಡುವವನನ್ನು ಒಬ್ಬಂಟಿಯಾಗಿ ಬಿಡುವುದನ್ನು ನಾನು ಯಾವ ತುರ್ತಿಗೂ ಒಪ್ಪುವುದಿಲ್ಲ.

ಕೋಣೆಯಲ್ಲಿ ವೆಲ್ಡಿಂಗ್ ಬೇಡ, ಬೀಡಿ ಸಿಗರೇಟು ಬೇಡ. ಬೆಂಕಿಗೆ ತಾಗಿದ ಗ್ಯಾಸ್ ಒಡೆದು ಉಸಿರಾಟಕ್ಕೆ ಮಾರಕವಾದ ಆಮ್ಲದ ಆವಿಗಳಾಗುತ್ತದೆ. ಜ್ವಾಲೆ ಹಸಿರಾಗುವುದನ್ನು ನೋಡಿ ಲೀಕ್ ಹಿಡಿಯುವ ಹಳೆಯ ಹ್ಯಾಲೈಡ್ ಟಾರ್ಚ್ ಇನ್ನೂ ಕೆಲವರ ಪೆಟ್ಟಿಗೆಯಲ್ಲಿದೆ; ಇದೇ ಕಾರಣಕ್ಕೆ ಅದನ್ನು ಪೆಟ್ಟಿಗೆಯಲ್ಲೇ ಬಿಡಿ. ಚಿಲ್ಲರ್‌ನ ವಿದ್ಯುತ್ ಕಡಿದು, ಸ್ವಿಚ್ಚಿಗೆ ಬೀಗ ಹಾಕಿ, ಬೀಗದ ಕೈ ನಿಮ್ಮ ಜೇಬಿನಲ್ಲಿರಲಿ.

ಎರಡನೆಯ ಹೆಜ್ಜೆ: ಒಳಗಿನ ಒತ್ತಡ ಏರಿಸುವುದು

ಒಳಗೆಳೆಯುವ ಯಂತ್ರವನ್ನು ಹೊರಗೆ ಬಿಡುವ ಯಂತ್ರವನ್ನಾಗಿ ತಾತ್ಕಾಲಿಕವಾಗಿ ಬದಲಿಸಬೇಕು. ಇಡೀ ಹುಡುಕಾಟದ ಗುಟ್ಟು ಇದರಲ್ಲಿದೆ.

ಒಳಗೆ ಗ್ಯಾಸ್ ಇರುವಾಗಲೇ ಇದನ್ನು ಮಾಡುವ ಅತ್ಯುತ್ತಮ ವಿಧಾನವೆಂದರೆ ಎವಾಪರೇಟರ್ ಟ್ಯೂಬ್‌ಗಳಲ್ಲಿ ಬೆಚ್ಚಗಿನ ನೀರು ಹರಿಸುವುದು. ಕೆಲವು ಯಂತ್ರಗಳಿಗೆ ಇದಕ್ಕಾಗಿಯೇ ಹೀಟರ್ ಜೋಡಿಸಿರುತ್ತಾರೆ. ನೀರು ಬೆಚ್ಚಗಾದಂತೆ ಗ್ಯಾಸ್ ಆವಿಯಾಗಿ ಒತ್ತಡ ಏರುತ್ತದೆ, ಹೊರಗಿನ ಯಾವ ಅನಿಲವನ್ನೂ ಬೆರೆಸಬೇಕಾಗಿಲ್ಲ. ಪರ್ಜ್ ಯೂನಿಟ್ಟನ್ನು ಮೊದಲು ನಿಲ್ಲಿಸಿ ಅದರ ಕವಾಟಗಳನ್ನು ಮುಚ್ಚಿ.

ಎಷ್ಟು ಏರಿಸಬೇಕು? ಗೇಜಿನಲ್ಲಿ 8 ಪಿಎಸ್‌ಐ ಸಾಕು. 10 ಪಿಎಸ್‌ಐ ದಾಟಲೇಬಾರದು. ಈ ಯಂತ್ರಗಳ ರಪ್ಚರ್ ಡಿಸ್ಕ್ (ಒತ್ತಡ ಮಿತಿಮೀರಿದರೆ ತಾನೇ ಒಡೆಯುವ ರಕ್ಷಣೆಯ ಬಿಲ್ಲೆ) ಸಾಮಾನ್ಯವಾಗಿ 15 ಪಿಎಸ್‌ಐಗೆ ಒಡೆಯುವಂಥದ್ದು. ಒಡೆದರೆ ಇಡೀ ಗ್ಯಾಸ್ ಮಾಡಿನ ಮೇಲಿನ ಕೊಳವೆಯಿಂದ ಆಕಾಶಕ್ಕೆ ಹೋಗುತ್ತದೆ. ಡಿಸ್ಕ್‌ಗೆ ಗೊತ್ತಾಗುವುದು ಒಳ-ಹೊರಗಿನ ಒತ್ತಡಗಳ ಅಂತರ ಮಾತ್ರ, ಹಾಗಾಗಿ ಇಲ್ಲಿ ಗೇಜ್ ಒತ್ತಡವನ್ನೇ ನಂಬಬೇಕು. ಉಷ್ಣತೆಯನ್ನು ನಂಬಿದರೆ ನಮ್ಮ ಎತ್ತರ ಮತ್ತೆ ಅಡ್ಡ ಬರುತ್ತದೆ: ಆರ್-123 ಸಮುದ್ರಮಟ್ಟದಲ್ಲಿ 40 ಡಿಗ್ರಿಗೆ 8 ಪಿಎಸ್‌ಐ ಮುಟ್ಟಿದರೆ ಕೋಲಾರದಲ್ಲಿ 38 ಡಿಗ್ರಿಗೇ ಮುಟ್ಟುತ್ತದೆ.

ಆರ್-1233ಜೆಡ್‌ಡಿ ಯಂತ್ರದಲ್ಲಿ ಇನ್ನೂ ಎಚ್ಚರ ಬೇಕು. ಅದು ಇಲ್ಲಿ ಸುಮಾರು 28 ಡಿಗ್ರಿಗೇ 8 ಪಿಎಸ್‌ಐ ತಲುಪುತ್ತದೆ, 37 ಡಿಗ್ರಿಗೆ 15 ಪಿಎಸ್‌ಐ. ಏಪ್ರಿಲ್ ಮಧ್ಯಾಹ್ನ ತಗಡಿನ ಮಾಡಿನ ಕೋಣೆಯಲ್ಲಿ ಅದಕ್ಕೆ ಬಿಸಿನೀರು ಬೇಕಾಗುವುದಿಲ್ಲ, ಬದಲಿಗೆ ತಂಪು ಬೇಕಾಗುತ್ತದೆ. ಯಂತ್ರದ ನಾಮಫಲಕದಲ್ಲಿ ಡಿಸ್ಕ್ ಎಷ್ಟಕ್ಕೆ ಒಡೆಯುತ್ತದೆ ಎಂದು ಓದಿಕೊಂಡು, ಬೆಳಗಿನ ತಂಪಿನಲ್ಲಿ ಕೆಲಸ ಆರಂಭಿಸಿ.

ಗ್ಯಾಸನ್ನು ಈಗಾಗಲೇ ಹೊರತೆಗೆದು ಸಿಲಿಂಡರಿನಲ್ಲಿ ಇಟ್ಟಿದ್ದರೆ ಒಣ ನೈಟ್ರೋಜನ್ ಬಳಸಿ, ಅದೇ ಮಿತಿಯೊಳಗೆ. ತುಂಬಿದ ನೈಟ್ರೋಜನ್ ಸಿಲಿಂಡರಿನ ಒತ್ತಡ 2000 ಪಿಎಸ್‌ಐ ಮುಟ್ಟುತ್ತದೆ. ರೆಗ್ಯುಲೇಟರ್ ಮತ್ತು ರಿಲೀಫ್ ಕವಾಟ ಇಲ್ಲದೆ ಅದನ್ನು ಚಿಲ್ಲರ್‌ಗೆ ಜೋಡಿಸುವುದು ಜೀವಕ್ಕೇ ಅಪಾಯ. ಆಮ್ಲಜನಕವನ್ನಾಗಲಿ ಕಾರ್ಖಾನೆಯ ಕಂಪ್ರೆಸರ್ ಗಾಳಿಯನ್ನಾಗಲಿ ಬಳಸಬೇಡಿ. ಮೊದಲನೆಯದು ಎಣ್ಣೆಯ ಜೊತೆ ಸ್ಫೋಟಿಸಬಲ್ಲದು, ಎರಡನೆಯದು ತೇವ ತುಂಬುತ್ತದೆ. ಯಂತ್ರದ ಒಳಗೆ ಗ್ಯಾಸ್ ಇರುವಾಗ ನೈಟ್ರೋಜನ್ ಬೆರೆಸುವುದು ಕೊನೆಯ ಉಪಾಯ ಮಾತ್ರ. ಆಮೇಲೆ ಆ ನೈಟ್ರೋಜನ್ನನ್ನೆಲ್ಲ ಪರ್ಜ್ ಹೊರಹಾಕಬೇಕು, ಅದರ ಜೊತೆ ಗ್ಯಾಸ್ ಕೂಡ ಹೋಗುತ್ತದೆ.

ಮೂರನೆಯ ಹೆಜ್ಜೆ: ಡಿಟೆಕ್ಟರ್ ಹಿಡಿದು ಸುತ್ತುವುದು

ಒತ್ತಡ ಏರಿದ ಮೇಲೆ ಎಕ್ಸಾಸ್ಟ್ ಫ್ಯಾನಿನ ಎಳೆತ ಯಂತ್ರದ ಮೇಲೆ ನೇರ ಬೀಳದಂತೆ ನೋಡಿಕೊಳ್ಳಿ. ಗಾಳಿ ಬೀಸಿದರೆ ಸಣ್ಣ ಲೀಕ್ ಚದುರಿಹೋಗುತ್ತದೆ. ಹಾಗೆಂದು ಕೋಣೆಯ ಗಾಳಿ ಬದಲಾಗದೆಯೂ ಇರಬಾರದು. ಡಿಟೆಕ್ಟರ್ ನಿಮ್ಮ ಯಂತ್ರದ ಗ್ಯಾಸನ್ನು ಗುರುತಿಸುವಂಥದ್ದೇ ಎಂದು ಖಚಿತಪಡಿಸಿಕೊಂಡು, ಪರೀಕ್ಷಾ ಸೀಸೆಯಿಂದ ಒಮ್ಮೆ ತಾಳೆ ನೋಡಿ, ಹೊರಗಿನ ಶುದ್ಧ ಗಾಳಿಯಲ್ಲಿ ಶೂನ್ಯಕ್ಕೆ ತನ್ನಿ.

ಹುಡುಕಾಟ ಮೇಲಿನಿಂದ ಕೆಳಕ್ಕೆ ಸಾಗಲಿ. ಆವಿ ಭಾರವಾದ್ದರಿಂದ ಮೇಲಿನ ಲೀಕ್ ಕೆಳಗಿನ ಜೋಡಣೆಗಳ ಮೇಲೆಲ್ಲ ಸುರಿಯುತ್ತದೆ. ಕೆಳಗಿನಿಂದ ಆರಂಭಿಸಿದರೆ ಡಿಟೆಕ್ಟರ್ ಎಲ್ಲೆಡೆ ಕೂಗುತ್ತದೆ, ಎಲ್ಲಿಯದೆಂದು ತಿಳಿಯುವುದಿಲ್ಲ. ಮೂತಿ ಲೋಹಕ್ಕೆ ಕೆಲವೇ ಮಿಲಿಮೀಟರ್ ದೂರದಲ್ಲಿರಲಿ, ಸೆಕೆಂಡಿಗೆ ಒಂದು ಇಂಚಿಗಿಂತ ವೇಗ ಬೇಡ. ಪ್ರತಿ ಜೋಡಣೆಯನ್ನೂ ಪೂರ್ತಿ ಸುತ್ತಿ, ಅದರ ಕೆಳಭಾಗದಲ್ಲಿ ಒಂದು ಕ್ಷಣ ನಿಲ್ಲಿ. ಹೊಸ ಹುಡುಗರು ಈ ನಿಧಾನವನ್ನು ಸಹಿಸುವುದಿಲ್ಲ. ಜೊತೆಗೆ ಬಂದ ಹುಡುಗನೊಬ್ಬ ಅರ್ಧ ಗಂಟೆಯಲ್ಲಿ ಇಡೀ ಯಂತ್ರ ಸುತ್ತಿ ಬಂದು ‘ಅಣ್ಣಾ, ಎಲ್ಲೂ ಇಲ್ಲ’ ಎಂದ. ಅದೇ ಯಂತ್ರಕ್ಕೆ ನಾವಿಬ್ಬರೂ ಮತ್ತೆ ನಾಲ್ಕು ಗಂಟೆ ಕೊಟ್ಟೆವು, ಎರಡು ಲೀಕ್ ಸಿಕ್ಕವು.

ಎಲ್ಲೆಲ್ಲಿ ನೋಡಬೇಕು? ಮೊದಲು ಅಲುಗಾಡುವ ಭಾಗಗಳು. ಕಂಪ್ರೆಸರ್‌ನ ಗೈಡ್ ವೇನ್ (ಒಳಬರುವ ಆವಿಯನ್ನು ಹತೋಟಿಯಲ್ಲಿಡುವ ರೆಕ್ಕೆಗಳು) ತಿರುಗಿಸುವ ಕಡ್ಡಿ ಕವಚದಿಂದ ಹೊರಬರುವ ಜಾಗ ನನ್ನ ಪಟ್ಟಿಯ ತಲೆಯಲ್ಲಿದೆ. ಅದನ್ನು ಸುಮ್ಮನೆ ನಿಲ್ಲಿಸಿ ಪರೀಕ್ಷಿಸಬೇಡಿ. ಜೊತೆಗಿರುವವರು ವೇನ್‌ಗಳನ್ನು ನಿಧಾನವಾಗಿ ತೆರೆದು ಮುಚ್ಚುತ್ತಿರಲಿ, ನೀವು ಮೂತಿ ಹಿಡಿದಿರಿ. ಕಡ್ಡಿ ಒಂದು ಕೋನಕ್ಕೆ ಬಂದಾಗ ಮಾತ್ರ ಸೋರುವ ಸೀಲ್‌ಗಳಿವೆ. ನರಸಾಪುರದ ಆ ಯಂತ್ರದಲ್ಲಿ ಎರಡು ವರ್ಷ ಕಾಡಿದ ಲೀಕ್ ಇಲ್ಲಿಯೇ ಇತ್ತು, ವೇನ್ ಅರ್ಧ ತೆರೆದಾಗ ಮಾತ್ರ ಡಿಟೆಕ್ಟರ್ ಕೂಗಿತು. ಮೋಟರ್ ಹೊರಗಿರುವ ಯಂತ್ರವಾದರೆ ಶಾಫ್ಟ್ ಸೀಲ್ ಕೂಡ ಇದೇ ಸಾಲಿಗೆ ಸೇರುತ್ತದೆ.

ಆಮೇಲೆ ಕೈ ಆಡಿದ ಜಾಗಗಳು: ಗ್ಯಾಸ್ ತುಂಬುವ ಕವಾಟ, ಅದರ ಮುಚ್ಚಳ, ಸೆನ್ಸರ್‌ಗಳಿಗೆ ಹೋಗುವ ಸಣ್ಣ ತಾಮ್ರದ ಕೊಳವೆಗಳ ಫ್ಲೇರ್ ನಟ್, ಎಣ್ಣೆಯ ಫಿಲ್ಟರ್, ಎಣ್ಣೆಯ ಹೀಟರ್, ಸೈಟ್ ಗ್ಲಾಸ್. ಮೋಟರ್‌ಗೆ ವಿದ್ಯುತ್ ಹೋಗುವ ಟರ್ಮಿನಲ್‌ಗಳ ಸುತ್ತಲಿನ ಸೀಲ್‌ಗಳನ್ನು ಬಹಳ ಜನ ಮರೆಯುತ್ತಾರೆ. ಡಬ್ಬಿ ತೆಗೆಯುವ ಮೊದಲು ವಿದ್ಯುತ್ ಕಡಿದಿರುವುದನ್ನು ಮೀಟರಿನಿಂದ ಮತ್ತೊಮ್ಮೆ ಖಚಿತಪಡಿಸಿಕೊಳ್ಳಿ. ದೊಡ್ಡ ಗ್ಯಾಸ್ಕೆಟ್ ಜೋಡಣೆಗಳು ಕೊನೆಗಿರಲಿ. ಅವು ದೊಡ್ಡದಾಗಿ ಕಂಡರೂ ಸೋರುವುದು ಸಣ್ಣವೇ ಹೆಚ್ಚು.

ಪರ್ಜ್ ಯೂನಿಟ್ಟಿನ ಕೊಳವೆಗಳನ್ನೂ ಬಿಡಬೇಡಿ; ಗಾಳಿ ಹೊರಹಾಕುವ ಯಂತ್ರವೇ ಗಾಳಿ ಎಳೆದುಕೊಳ್ಳುತ್ತಿರುವುದನ್ನು ಕಂಡಿದ್ದೇನೆ. ರಪ್ಚರ್ ಡಿಸ್ಕ್‌ನಲ್ಲಿ ಕೂದಲೆಳೆಯ ಬಿರುಕಿದ್ದರೆ ಗ್ಯಾಸ್ ಮಾಡಿನವರೆಗೆ ಹೋಗುವ ಕೊಳವೆಯಲ್ಲಿ ಕೂಡಿರುತ್ತದೆ. ಆ ಕೊಳವೆಯ ಬುಡದಲ್ಲಿ ಮಳೆನೀರು ಬಸಿಯುವ ಸಣ್ಣ ತಿರುಪು ಇರುತ್ತದೆ. ಅದನ್ನು ಬಿಚ್ಚಿ ಮೂತಿ ಅಲ್ಲಿಗೆ ಹಿಡಿಯಿರಿ.

ಎವಾಪರೇಟರ್‌ಗೆ ಹೊದಿಸಿದ ನಿರೋಧಕ ಫೋಮ್ ಮೋಸ ಮಾಡಬಲ್ಲದು. ಕೆಲವು ಫೋಮ್‌ಗಳನ್ನು ಉಬ್ಬಿಸಲು ಬಳಸಿದ ಅನಿಲವೇ ಡಿಟೆಕ್ಟರನ್ನು ಕೂಗಿಸುತ್ತದೆ, ಅಲ್ಲದೆ ನಿಜವಾದ ಲೀಕಿನ ಗ್ಯಾಸ್ ಫೋಮಿನ ಅಡಿಯಲ್ಲಿ ಒಂದು ಮೀಟರ್ ಹರಿದು ಬೇರೆ ಸೀಳಿನಿಂದ ಹೊರಬರಬಹುದು. ಅನುಮಾನವಿದ್ದ ಕಡೆ ಫೋಮನ್ನು ಕತ್ತರಿಸಿ ಸರಿಸಿ, ಸ್ವಲ್ಪ ಹೊತ್ತು ಗಾಳಿಯಾಡಲು ಬಿಟ್ಟು ಮತ್ತೆ ನೋಡಿ. ಶುಚಿಗೊಳಿಸುವ ದ್ರಾವಕಗಳ ವಾಸನೆಗೂ ಡಿಟೆಕ್ಟರ್ ಕೂಗುವುದುಂಟು.

ಡಿಟೆಕ್ಟರ್ ಕೂಗಿದ ಜಾಗದಲ್ಲಿ ಈಗ ಸೋಪಿನ ನೊರೆ ಹಚ್ಚಿ. ಒಳಗೆ ಒತ್ತಡ ಇರುವುದರಿಂದ ಗುಳ್ಳೆ ಏಳುತ್ತದೆ. ಈ ಯಂತ್ರಕ್ಕೆ ನೊರೆಯ ಸಮಯ ಇದು. ನಿರ್ವಾತದಲ್ಲಿರುವಾಗ ಹಚ್ಚಿದರೆ ಸೋಪು ನೀರು ಒಳಗೆ ಸೇರುತ್ತದೆ. ಸಿಕ್ಕ ಪ್ರತಿ ಜಾಗಕ್ಕೂ ಬಣ್ಣದ ಪಟ್ಟಿ ಕಟ್ಟಿ, ಬರೆದುಕೊಂಡು ಮುಂದೆ ಹೋಗಿ. ಮೊದಲ ಲೀಕ್ ಸಿಕ್ಕಿದ ಕೂಡಲೇ ಹುಡುಕಾಟ ನಿಲ್ಲಿಸುವುದೇ ಎರಡನೆಯ ಸಲ ಬರಬೇಕಾಗುವುದಕ್ಕೆ ಕಾರಣ.

ಟ್ಯೂಬ್‌ಗಳ ವಿಷಯ

ಸಾವಿರ ಅಡಿಗೂ ಆಳದ ಕೊಳವೆಬಾವಿಗಳಿಂದ ಬರುವ ನಮ್ಮ ನೀರು ಗಡಸು. ಮೆದುಗೊಳಿಸದೆ ಟವರಿಗೆ ಬಿಟ್ಟರೆ ಕಂಡೆನ್ಸರ್ ಟ್ಯೂಬ್‌ಗಳಲ್ಲಿ ಸುಣ್ಣದ ಪದರ ಕಟ್ಟುತ್ತದೆ, ಪದರದ ಅಡಿಯಲ್ಲಿ ತಾಮ್ರ ಗುಳಿಬೀಳುತ್ತದೆ. ಸಂಸ್ಕರಿಸಿದ ಕೊಳಚೆ ನೀರನ್ನು ಟವರಿಗೆ ಬಳಸುವವರು ಅಮೋನಿಯದ ಪ್ರಮಾಣವನ್ನು ಪರೀಕ್ಷಿಸುತ್ತಿರಬೇಕು. ತಾಮ್ರಕ್ಕೆ ಅದು ಶತ್ರು. ಹಾಗಾಗಿ ಹೊರಗಿನ ಜೋಡಣೆಗಳಲ್ಲಿ ಏನೂ ಸಿಗದಿದ್ದರೆ ಟ್ಯೂಬ್‌ಗಳನ್ನು ನೋಡದೆ ಮನೆಗೆ ಹೋಗಬಾರದು.

ಮೊದಲು ಟ್ಯೂಬ್‌ಗಳ ತುದಿಯಲ್ಲಿರುವ ವಾಟರ್ ಬಾಕ್ಸ್‌ಗಳ ನೀರನ್ನು ಪೂರ್ತಿ ಬಸಿಯಿರಿ. ಎವಾಪರೇಟರ್ ಸರದಿ ಬಂದಾಗ ಬಿಸಿನೀರಿನ ಹರಿವು ನಿಲ್ಲುತ್ತದೆ, ಒತ್ತಡ ನಿಧಾನವಾಗಿ ಇಳಿಯತೊಡಗುತ್ತದೆ. ಆದ್ದರಿಂದ ಕಂಡೆನ್ಸರ್ ಕಡೆ ಮೊದಲು ಮುಗಿಸಿ. ಎರಡೂ ಕಡೆಯ ಕವಾಟಗಳನ್ನು ಮುಚ್ಚಿ, ಸ್ವಲ್ಪ ಹೊತ್ತು ಕಾದು, ಬಸಿಯುವ ತೂತಿನ ಬಾಯಲ್ಲಿ ಡಿಟೆಕ್ಟರ್ ಹಿಡಿಯಿರಿ. ಸೋರಿದ ಆವಿ ಭಾರವಾಗಿ ಕೆಳಗೇ ಇಳಿದು ಅಲ್ಲಿ ಸಿಗುತ್ತದೆ. ಕೂಗಿತೆಂದರೆ ಟ್ಯೂಬ್ ಅಥವಾ ಟ್ಯೂಬ್ ಹಿಡಿದ ತಟ್ಟೆಯ ಜೋಡಣೆ ಸೋರುತ್ತಿದೆ.

ಯಾವ ಟ್ಯೂಬ್ ಎಂದು ತಿಳಿಯಲು ಮುಚ್ಚಳ ತೆಗೆಯಬೇಕು. ಪ್ರತಿ ಟ್ಯೂಬಿನ ಒಂದು ತುದಿಗೆ ರಬ್ಬರ್ ಬಿರಡೆ ಹಾಕಿ, ಇನ್ನೊಂದು ತುದಿಗೆ ಸೋಪಿನ ಪೊರೆ ಎಳೆಯಿರಿ. ತೂತಾದ ಟ್ಯೂಬಿನ ಪೊರೆ ಹೊರಗೆ ಉಬ್ಬುತ್ತದೆ. ನೂರಾರು ಟ್ಯೂಬ್‌ಗಳಿಗೆ ಇದು ಬೇಸರದ ಕೆಲಸ, ಆದರೆ ನಂಬಿಕಸ್ಥ ಕೆಲಸ. ತೂತಾದ ಟ್ಯೂಬಿನ ಎರಡೂ ತುದಿಗೆ ಬೆಣೆ ಹೊಡೆದು, ಟ್ಯೂಬ್‌ಗಳ ನಕ್ಷೆಯಲ್ಲಿ ಗುರುತು ಹಾಕಿ. ಒಂದು ಟ್ಯೂಬ್ ಹೋಗಿದ್ದರೆ ಅದರ ನೆರೆಯವು ಎಷ್ಟು ಸವೆದಿವೆ ಎಂದು ಎಡ್ಡಿ ಕರೆಂಟ್ ಪರೀಕ್ಷೆ (ವಿದ್ಯುತ್ ಸುಳಿಗಳಿಂದ ಲೋಹದ ಸವೆತ ಅಳೆಯುವುದು) ಮಾಡಿಸಿ.

ನಾಲ್ಕನೆಯ ಹೆಜ್ಜೆ: ದುರಸ್ತಿಯ ನಂತರ ನಿರ್ವಾತ ಪರೀಕ್ಷೆ

ಓ-ರಿಂಗ್ ಬದಲಿಸುವುದು, ಗ್ಯಾಸ್ಕೆಟ್ ಹಾಕುವುದು ಗೊತ್ತಿರುವ ಕೆಲಸ, ಅದನ್ನು ವಿವರಿಸುವುದಿಲ್ಲ. ದುರಸ್ತಿಯಾದ ಜಾಗಗಳನ್ನು ಅದೇ 8 ಪಿಎಸ್‌ಐನಲ್ಲಿ ಮತ್ತೊಮ್ಮೆ ನೋಡಿ. ಗ್ಯಾಸ್ ಹೊರತೆಗೆದು ಯಂತ್ರ ತೆರೆದಿದ್ದರೆ ನಿರ್ವಾತ ಪರೀಕ್ಷೆ ಕಡ್ಡಾಯ. ವ್ಯಾಕ್ಯೂಮ್ ಪಂಪ್ ಹಚ್ಚಿ 1 ಮಿಲಿಮೀಟರ್ ಪಾದರಸಕ್ಕೆ, ಅಂದರೆ 1000 ಮೈಕ್ರಾನ್‌ಗೆ ಇಳಿಸಿ, ಪಂಪಿನ ಕವಾಟ ಮುಚ್ಚಿ, ರಾತ್ರಿಯಿಡೀ ಬಿಡಿ. ಬೆಳಗ್ಗೆ 2.5 ಮಿಲಿಮೀಟರ್ ದಾಟಿದ್ದರೆ ಕೆಲಸ ಮುಗಿದಿಲ್ಲ.

ದಾಟಿದ್ದರೆ ಅದು ಗಾಳಿಯೋ ತೇವವೋ ಎಂದು ಬೇರ್ಪಡಿಸಬೇಕು. ಅರ್ಧ ಗಂಟೆಗೊಮ್ಮೆ ಅಂಕಿ ಬರೆದುಕೊಂಡಿದ್ದರೆ ಇದು ಸುಲಭ. ಲೀಕ್ ಇದ್ದರೆ ಒತ್ತಡ ಒಂದೇ ಸಮನೆ, ನಿಲ್ಲದೆ ಏರುತ್ತದೆ. ಒಳಗೆ ಉಳಿದ ನೀರಾದರೆ ಮೊದಲು ಬೇಗ ಏರಿ, ಆಮೇಲೆ ನಿಲ್ಲುತ್ತದೆ. 25 ಡಿಗ್ರಿಯ ಕೋಣೆಯಲ್ಲಿ ನೀರಿನ ಆವಿ 24 ಮಿಲಿಮೀಟರ್ ಹತ್ತಿರ ನಿಲ್ಲುತ್ತದೆ, ಅದನ್ನು ದಾಟುವುದಿಲ್ಲ. ತೇವವೆಂದು ಕಂಡರೆ ಒಣ ನೈಟ್ರೋಜನ್ ಬಿಟ್ಟು ನಿರ್ವಾತ ಮುರಿದು, ಮತ್ತೆ ಪಂಪ್ ಹಚ್ಚಿ. ಕೋಣೆಯ ಉಷ್ಣತೆಯನ್ನೂ ಜೊತೆಗೇ ಬರೆದುಕೊಳ್ಳಿ.

ಗ್ಯಾಸ್ ಮರಳಿ ತುಂಬುವಾಗ ದ್ರವವನ್ನು ನೇರವಾಗಿ ಆಳವಾದ ನಿರ್ವಾತಕ್ಕೆ ಬಿಡಬೇಡಿ. ಅದು ಒಳಗೆ ಬಿದ್ದ ಕೂಡಲೇ ಕುದಿದು ಟ್ಯೂಬಿನ ನೀರನ್ನು ಹೆಪ್ಪುಗಟ್ಟಿಸುತ್ತದೆ, ಟ್ಯೂಬ್ ಸೀಳುತ್ತದೆ. ಒಂದು ಲೀಕ್ ಮುಚ್ಚಲು ಹೋಗಿ ಹತ್ತು ತೆರೆದಂತೆ. ಮೊದಲು ಆವಿಯನ್ನು ಬಿಡಿ. ಆರ್-123ರ ಒತ್ತಡ 0 ಡಿಗ್ರಿಯಲ್ಲಿ ಸುಮಾರು 33 ಕಿಲೋಪಾಸ್ಕಲ್. ನಿರಪೇಕ್ಷ ಗೇಜ್ 40 ದಾಟಿದ ಮೇಲೆ ದ್ರವ ಬಿಡುವುದು ಕ್ಷೇಮ. ಆ ಹೊತ್ತಿನಲ್ಲಿ ಎವಾಪರೇಟರ್ ಮತ್ತು ಕಂಡೆನ್ಸರ್ ನೀರು ಹರಿಯುತ್ತಲೇ ಇರಲಿ, ಇಲ್ಲವೇ ಪೂರ್ತಿ ಬಸಿದಿರಲಿ. ಎಷ್ಟು ಕಿಲೋ ತೆಗೆದಿರಿ, ಎಷ್ಟು ಕಿಲೋ ಹಾಕಿದಿರಿ ಎಂದು ತೂಗಿ ಬರೆದಿಡಿ. ಆರ್-123 ಹೆಚ್‌ಸಿಎಫ್‌ಸಿ ಜಾತಿಯ ಶೀತಕ. ಓಝೋನ್ ಪದರ ಕಾಯುವ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ನಮ್ಮಂಥ ದೇಶಗಳಲ್ಲಿ 2030ರ ನಂತರ ಹಳೆಯ ಯಂತ್ರಗಳ ದುರಸ್ತಿಗಷ್ಟೇ ಅಲ್ಪ ಪ್ರಮಾಣ ಉಳಿಯುತ್ತದೆ, 2040ಕ್ಕೆ ಅದೂ ಮುಗಿಯುತ್ತದೆ. ಇಂದು ಸಿಲಿಂಡರಿನಲ್ಲಿ ಉಳಿಸಿದ ಪ್ರತಿ ಕಿಲೋ ಆ ಯಂತ್ರದ ಆಯುಷ್ಯಕ್ಕೆ ಸೇರುತ್ತದೆ.

ಯಂತ್ರ ಶುರುವಾದ ಮೊದಲ ಒಂದೆರಡು ದಿನ ಪರ್ಜ್ ಹೆಚ್ಚು ಓಡುತ್ತದೆ, ಉಳಿದ ಗಾಳಿ ಹೊರಹೋಗಬೇಕಲ್ಲ. ಮೂರನೆಯ ದಿನದಿಂದ ಪ್ರತಿ ಬೆಳಗ್ಗೆ ಅದೇ ಹೊತ್ತಿಗೆ ಪರ್ಜ್ ನಿಮಿಷಗಳನ್ನು ಬರೆದುಕೊಳ್ಳಿ, ಒಂದು ತಿಂಗಳು. ನರಸಾಪುರದ ಯಂತ್ರದಲ್ಲಿ ಗೈಡ್ ವೇನ್ ಸೀಲ್ ಬದಲಿಸಿದ ಮೇಲೂ ಅಂಕಿ ಅರ್ಧಕ್ಕಷ್ಟೇ ಇಳಿದು ನಿಂತಿತು. ಮುಂದಿನ ಭಾನುವಾರ ಮತ್ತೆ ಬಿಸಿನೀರು ಹರಿಸಿ, ಮತ್ತೆ ಮೇಲಿನಿಂದ ಕೆಳಕ್ಕೆ ಬಂದೆವು. ಉಳಿದರ್ಧ ಎಣ್ಣೆಯ ಹೀಟರಿನ ಬುಡದಲ್ಲಿತ್ತು.